ನಾಲ್ಕು ಗಂಟೆಯ ನಾಟಕ

ಸಮಾರ್ ದ್ವೀಪದ ನಮ್ಮ ಬೆಸ್ತರ ಕೇರಿಯಲ್ಲಿ ಕ್ರಿಸಾಂತಾಳನ್ನು ಹೊಗಳಿದವರಿಲ್ಲ. ನಾನಂತೂ ಹೊಗಳಿಲ್ಲ. ಹದಿನೈದು ವರ್ಷ ಅವಳ ಪಕ್ಕದಲ್ಲೇ ಮೀನು ಒಣಗಿಸಿದ್ದೇನೆ. ಬಾಯಿ ಬಿಟ್ಟರೆ ರೇಡಿಯೋ ನಾಟಕದ ಕಥೆ, ವಾರ್ತೆ ಶುರುವಾದರೆ ಗುಂಡಿ ತಿರುಗಿಸುವುದು. ಯಾಕೆ ಎಂದು ಕೇಳಿದರೆ, ಮನೆಯಲ್ಲಿರುವ ಗೋಳೇ ಸಾಲದಾ ಎನ್ನುತ್ತಿದ್ದಳು.

ಒಂದು ವರ್ಷ ಚಂಡಮಾರುತದಲ್ಲಿ ಕೇರಿಯ ಎರಡು ದೋಣಿ ಹಿಂದಿರುಗಲಿಲ್ಲ. ಒಂದರಲ್ಲಿ ಅವಳ ಗಂಡ ತೆಬಾನ್, ಇನ್ನೊಂದರಲ್ಲಿ ನನ್ನ ಮಗ ರೊಮುಲೊ. ಕೇರಿಯಲ್ಲಿ ದನಿ ಬರುವ ರೇಡಿಯೋ ಉಳಿದದ್ದು ಅವಳದೊಂದೇ. ಅದರ ಸೆಲ್ಲುಗಳನ್ನೂ ಬಿಸಿಲಿಗಿಟ್ಟು ಇಟ್ಟು ಹೇಗೋ ಜೀವ ಉಳಿಸಿಕೊಂಡಿದ್ದಳು. ಎರಡನೆಯ ದಿನ ಪಟ್ಟಣದಿಂದ ಬಂದವರು, ಬೇರೆ ದ್ವೀಪಗಳಲ್ಲಿ ದಡ ಸೇರಿದ ದೋಣಿಗಳ ಹೆಸರನ್ನು ರೇಡಿಯೋದಲ್ಲಿ ನಾಲ್ಕು ಗಂಟೆಗೆ ಓದುತ್ತಾರಂತೆ ಎಂದರು. ಇನ್ನೊಂದು ಸ್ಟೇಷನ್ನಿನಲ್ಲಿ ಅವಳ ನಾಟಕವೂ ನಾಲ್ಕಕ್ಕೇ.

ನಾವೆಲ್ಲ ಹೋಗಿ ಅವಳ ಬಾಗಿಲಲ್ಲಿ ನಿಂತರೆ, ಮಹಾರಾಯಿತಿ ನಾಟಕ ಹಾಕಿಕೊಂಡು ಕೂತಿದ್ದಾಳೆ. ನನ್ನ ಮೈಯೆಲ್ಲ ಉರಿದುಹೋಯಿತು.

"ಗಂಡ ನೀರಲ್ಲಿದ್ದಾನೆ, ನಿಂಗೆ ನಾಟಕ ಬೇಕಾ? ಕಲ್ಲೆದೆ ಕಣೇ ನಿಂದು," ಎಂದೆ.

ಅವಳು ರೇಡಿಯೋವನ್ನು ಎದೆಗವಚಿಕೊಂಡಳು.

"ಅವ್ನ ಹತ್ರಾನೂ ರೇಡಿಯೋ ಐತೆ ಅಕ್ಕಾ. ಎಲ್ಲೇ ಇರ್ಲಿ, ನಾಲ್ಕಕ್ಕೆ ಇದ್ನೇ ಹಾಕ್ತಾನೆ. ಈಗ್ಲೂ ಕೇಳ್ತಿರ್ತಾನೆ. ಆ ಪಟ್ಟೀಲಿ ಹೆಸ್ರು ಬರ್ದೇ ಹೋದ್ರೆ ನಾನೇನ್ ಮಾಡ್ಲಿ?"

"ನನ್ ಮಗಂದು ಬಂದ್ರೆ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ತಾನೇ ಗುಂಡಿ ತಿರುಗಿಸಿ ರೇಡಿಯೋವನ್ನು ನನ್ನ ಮಡಿಲಿಗಿಟ್ಟು, ಎರಡೂ ಕಿವಿ ಮುಚ್ಚಿಕೊಂಡಳು.

ಏಳನೆಯ ಹೆಸರು ನನ್ನ ಮಗನ ದೋಣಿಯದು. ಹೋದ ಜೀವ ಬಂದಂತಾಯಿತು. ಪಟ್ಟಿ ಮುಗಿಯುವವರೆಗೂ ತೆಬಾನನ ದೋಣಿಯ ಹೆಸರು ಬರಲಿಲ್ಲ. ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು. ರೇಡಿಯೋ ತೆಗೆದುಕೊಂಡು ಮತ್ತೆ ನಾಟಕ ಹಾಕಿದಳು. ಸೆಲ್ಲು ಇಳಿದು ಅದರ ದನಿ ಸೊಳ್ಳೆಯಷ್ಟು ಸಣ್ಣಗಾಗಿ ನಿಂತೇಹೋಯಿತು. ನಿಂತ ಮೇಲೂ ಅದನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದಳು. ಆಗ ಮಾತ್ರ ನನ್ನ ಖುಷಿಗೆ ನನಗೇ ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ಯಾರದೋ ದೋಣಿಯಲ್ಲಿ ತೆಬಾನ್ ಬಂದಿಳಿದ. ತುಟಿ ಒಡೆದು, ಮೈ ಸುಲಿದು, ಆದರೂ ಜೀವಂತವಾಗಿ. ಕೇರಿಗೆ ಕೇರಿಯೇ ಅತ್ತಿತು. ಅವಳೊಬ್ಬಳು ಅಳಲಿಲ್ಲ. ಎದುರು ಹೋಗಿ ನಿಂತಳು.

"ನಿನ್ನೆ ನಾಟಕ ಕೇಳ್ದ್ಯಾ?"

ಅವನು ಪಿಳಿಪಿಳಿ ನೋಡಿದ. "ಎಲ್ಲೀ ನಾಟಕ ಕಣೇ? ಮೊದಲ್ನೇ ಅಲೆಗೇ ರೇಡಿಯೋ ನೀರುಪಾಲಾಯ್ತು."

ಕ್ರಿಸಾಂತಾ ಮರಳ ಮೇಲೆ ಕುಸಿದಳು. "ಹಂಗಾದ್ರೆ ಅಷ್ಟೊತ್ತೂ ನಾನೊಬ್ಳೇ ಕೂತಿದ್ನಾ?" ಎನ್ನುತ್ತಾ, ಬದುಕಿ ಬಂದ ಗಂಡನ ಕಾಲು ಹಿಡಿದುಕೊಂಡು ಸತ್ತವನಿಗೆ ಅಳುವ ಹಾಗೆ ಅತ್ತಳು.