ಹೆಬ್ಬೆಟ್ಟಿಗೆ ಮೊದಲು ಓದುವ ಗಾಡಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಚ್ಚಿದ ಕಾರ್ಖಾನೆಯ ಹಿಂಗೋಡೆಗೆ ಅಂಟಿಕೊಂಡ ಓಣಿಯಲ್ಲಿ ತಳ್ಳುಗಾಡಿಯೊಂದು ಗಡಗಡ ಬರುತ್ತಿದೆ. ಹಳೇ ಟೈರುಗಳ ಮೇಲೆ ನಾಲ್ಕು ಆಕ್ಸಿಜನ್ ಸಿಲಿಂಡರ್‌ಗಳನ್ನು ಮಲಗಿಸಿಕೊಂಡು ತಳ್ಳುತ್ತಿರುವವರು ಅರವತ್ತರ ಹತ್ತಿರದ ಹೆಂಗಸು. ಓಣಿಗೆಲ್ಲ ಅವರು ಗಾಡಿ ಅಕ್ಕ. "ನನ್ನ ಕಾಲಿಗೆ ಬೀಳೋ ಸೊಸೇರು ಅಂದ್ರೆ ಇವೇ," ಎನ್ನುತ್ತಾ, ಸಿಲಿಂಡರ್ ಬಿದ್ದು ಚಪ್ಪಟೆಯಾದ ಕಾಲ್ಬೆರಳನ್ನು ತೋರಿಸಿ ನಗುತ್ತಾರೆ.

ದಿನಕ್ಕೆ ಹದಿನಾಲ್ಕು ಮನೆ, ನಾಲ್ಕು ಸುತ್ತು. ಖಾಲಿಯಾದದ್ದನ್ನು ಇಳಿಸಿ, ತುಂಬಿದ್ದನ್ನು ನಿಲ್ಲಿಸಿ, ನಳಿಗೆ ಸಿಕ್ಕಿಸಿ, ನೀರಿನ ಬಾಟಲಿಯಲ್ಲಿ ಗುಳ್ಳೆ ಏಳುವವರೆಗೂ ಅಲ್ಲಿಂದ ಕದಲುವುದಿಲ್ಲ. ಸಿಲಿಂಡರ್ ಕಳಿಸುವ ಆಸ್ಪತ್ರೆಯ ಲೆಕ್ಕದಲ್ಲಿ ಅವರು ಕಸ ಗುಡಿಸುವವರು. ಈ ಗಾಡಿಯ ಕೆಲಸ ಯಾವ ಪಟ್ಟಿಯಲ್ಲೂ ಇಲ್ಲ.

ಪಟ್ಟಿಯಲ್ಲಿಲ್ಲದ ಇನ್ನೊಂದು ಕೆಲಸವೂ ಇದೆ. ಓಣಿಗೆ ಯಾವ ಕಾಗದ ಬಂದರೂ ಮೊದಲು ಗಾಡಿ ಅಕ್ಕ ಗಟ್ಟಿಯಾಗಿ ಓದಬೇಕು, ಆಮೇಲೆ ಹೆಬ್ಬೆಟ್ಟು. ಓದುವುದೂ ಕೊನೆಯ ಹಾಳೆಯಿಂದ. "ಮೊದಲನೇ ಹಾಳೇಲಿ ಬರೀ ನಮಸ್ಕಾರ, ಪ್ರೀತಿ ಇರತ್ತೆ. ಕುತ್ತಿಗೆ ಕೊಯ್ಯೋದೆಲ್ಲ ಕೊನೇಲಿ," ಎನ್ನುತ್ತಾರೆ. ನಲವತ್ತು ದಾಟಿದ ಮೇಲೆ, ಆಸ್ಪತ್ರೆಯ ಕಾಂಪೌಂಡರ್ ಕೈಯಲ್ಲಿ ಬೈಸಿಕೊಂಡು, ಔಷಧಿ ಡಬ್ಬಿಗಳ ಮೇಲಿನ ಅಕ್ಷರ ಕೂಡಿಸಿ ಕಲಿತ ಓದು ಇದು.

ಅದಕ್ಕೆ ಮುಂಚಿನ ಕಥೆ ಹೇಳುವಾಗ ಅವರು ತಲೆ ಎತ್ತುವುದಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಕಾರ್ಖಾನೆಯ ತೊಟ್ಟಿ ಒಡೆದು ವಿಷಗಾಳಿ ಓಣಿಗೆ ನುಗ್ಗಿತು. ಅವರ ಗಂಡ ಉಳಿಯಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಹೊರದೇಶದ ಸಂಸ್ಥೆಯೊಂದರ ಬಿಳಿ ವ್ಯಾನುಗಳು ಬಂದವು. ಹಾಲಿನ ಪುಡಿ ಕೊಟ್ಟರು, ಕಂಬಳಿ ಕೊಟ್ಟರು, ಪರೀಕ್ಷೆಗೆಂದು ರಕ್ತ ತೆಗೆದರು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಲು ಓಣಿಯವಳೇ ಒಬ್ಬಳು ಬೇಕಿತ್ತು. ಮಸಿಪೆಟ್ಟಿಗೆ ಹಿಡಿದು ಮನೆಮನೆ ಹತ್ತಿದ್ದು ಇವರೇ. ಮುಂದೆ ಜನ ಚಿಕಿತ್ಸೆ ಕೊಡಿಸಿ ಎಂದು ಕೋರ್ಟಿಗೆ ಹೋದಾಗ ಕಾರ್ಖಾನೆಯ ಕಡೆಯಿಂದ ಅದೇ ಹೆಬ್ಬೆಟ್ಟುಗಳು ಎದುರಿಗೆ ಬಂದವು. ಇನ್ನು ಯಾರ ಮೇಲೂ ದೂರಿಲ್ಲ, ಏನನ್ನೂ ಕೇಳುವುದಿಲ್ಲ ಎಂದು ಕೊನೆಯ ಹಾಳೆಯಲ್ಲಿ ಬರೆದಿತ್ತು. ರಕ್ತದ ಫಲಿತಾಂಶ ಇವತ್ತಿನವರೆಗೂ ಬಂದಿಲ್ಲ. ಅಂದಿನಿಂದ ಹೊರದೇಶದ ಹೆಸರೆತ್ತಿದರೆ ಓಣಿಯ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ.

ಈಗ ಹೊರದೇಶದ ಇನ್ನೊಂದು ಸಂಸ್ಥೆ ಬಂದಿದೆ. ಗಾಳಿಯಿಂದಲೇ ಆಕ್ಸಿಜನ್ ಮಾಡುವ ಯಂತ್ರ ಕೊಡುತ್ತೇವೆ ಎನ್ನುತ್ತಿದೆ. ಮೊದಲು ಕೊಡುವುದು ಓಣಿಯ ಕೊನೆಮನೆಗೆ, ಅಂದರೆ ಅಕ್ಕನ ನಾದಿನಿಗೆ. ಆಸ್ಪತ್ರೆಯವರು ಸಿಲಿಂಡರ್ ಕಡಿಮೆ ಮಾಡಿರುವುದರಿಂದ ವಾರದಲ್ಲಿ ಒಂದು ದಿನ ನಾದಿನಿ ಕಿಟಕಿ ಸರಳು ಹಿಡಿದು, ಬಾಯಿ ಬಿಟ್ಟುಕೊಂಡು ಕೂತಿರುತ್ತಾರೆ. ಕಾಗದ ಬಂದು ತಿಂಗಳಾಗಿದೆ. ಅಕ್ಕ ಅದನ್ನು ಆರು ಸಲ ಓದಿದ್ದಾರೆ. ಏನೂ ಮೋಸ ಕಾಣಲಿಲ್ಲ. ಆದರೂ ನಾದಿನಿಗೆ ಓದಿ ಹೇಳಲು ಬಾಯಿ ಬಂದಿಲ್ಲ.

ಇವತ್ತು ಸಿಲಿಂಡರ್ ಬದಲಿಸುವಾಗ ನಾದಿನಿಯೇ ಮಾತು ತೆಗೆಯುತ್ತಾರೆ. "ಅತ್ತಿಗೆ, ನೀನು ಹೂಂ ಅನ್ನು. ಒತ್ತಿಬಿಡ್ತೀನಿ."

ಅಕ್ಕ ಗೋಡೆಗೆ ಒರಗಿ ಕೂರುತ್ತಾರೆ. "ಹಾಗನ್ನಬೇಡ ಕಣೆ. ಆವತ್ತು 'ಕಾಗದ ಓದಿಸಿ ಕೇಳಿದೀನಿ, ಒತ್ತಿ' ಅಂದೆನಲ್ಲ, ಅದು ಸುಳ್ಳು. ಯಾರನ್ನೂ ಕೇಳಿರಲಿಲ್ಲ. ಒಂದು ಕಂಬಳಿ ಜಾಸ್ತಿ ಕೊಡ್ತೀವಿ ಅಂದ್ರು, ಬಾಯಿಗೆ ಬಂದದ್ದು ಹೇಳ್ಬಿಟ್ಟೆ."

"ಗೊತ್ತು," ಎನ್ನುತ್ತಾರೆ ನಾದಿನಿ, ಮೂಗಿನ ನಳಿಗೆ ಸರಿಪಡಿಸಿಕೊಳ್ಳುತ್ತಾ. "ಎಲ್ಲರ ಮನೇಲೂ ಒಂದೊಂದು ಕಂಬಳಿ, ನಿಮ್ಮನೇಲಿ ಎರಡು ಒಣಗ್ತಾ ಇದ್ವು."

"ಮತ್ತೆ ಇಷ್ಟು ವರ್ಷ ಯಾಕೆ ಕೇಳಲಿಲ್ಲ?"

"ಅಣ್ಣ ಹೋಗಿದ್ದ. ನಿನ್ನ ಮಕ್ಕಳು ಚಿಕ್ಕವು. ಚಳಿ ಇತ್ತು."

ನಾಚಿಕೆಗೆ ಅಕ್ಕನ ಮುಖ ಕಪ್ಪಿಡುತ್ತದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಕಾಗದ ಬಿಡಿಸಿ, ತಡವರಿಸುತ್ತಲೇ ಓದತೊಡಗುತ್ತಾರೆ. ಯಂತ್ರ ಕೆಟ್ಟರೆ ರಿಪೇರಿ ಯಾರದು, ಬೇಡವೆಂದರೆ ವಾಪಸು ಕೊಡಬಹುದೇ, ಇನ್ನೂ ನಡೆಯುತ್ತಿರುವ ಕೋರ್ಟಿನ ಕೇಸಿಗೆ ಅಡ್ಡಿಯಾಗುತ್ತದೆಯೇ ಎಂದು ನಾದಿನಿ ನಡುನಡುವೆ ಕೇಳುತ್ತಾರೆ. ಎರಡು ಸಾಲುಗಳನ್ನು ಮತ್ತೆ ಓದಿಸುತ್ತಾರೆ. ಮುಗಿದಾಗ ಅಕ್ಕ ಏನೋ ಹೇಳಹೊರಟರೆ ನಾದಿನಿ ಕೈ ಅಡ್ಡ ಹಿಡಿಯುತ್ತಾರೆ.

"ನೀನು ಓದಿದೆಯಲ್ಲ, ಸಾಕು. ಹೂಂ ಅನ್ನೋದು ನನ್ನ ಕೆಲಸ."

ಹೆಬ್ಬೆಟ್ಟು ಒತ್ತಲು ಅಕ್ಕ ಮಸಿಪೆಟ್ಟಿಗೆ ಹಿಡಿಯುತ್ತಾರೆ.

ಹೊರಗೆ ಬಂದು ಗಾಡಿ ತಿರುಗಿಸುವಾಗ, ನಮ್ಮ ಪತ್ರಿಕೆಯಲ್ಲಿ ಏನು ಬರೆಯಬೇಕು, ನಿಮ್ಮದೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಖಾಲಿ ಸಿಲಿಂಡರನ್ನು ಗಾಡಿಯ ಮೇಲೆ ಸರಿಯಾಗಿ ಮಲಗಿಸಿ ಹೇಳುತ್ತಾರೆ.

"ಕಂಬಳಿ ವಿಷಯ ಬರೀರಿ. ಅದನ್ನ ಬಿಟ್ಟು ನನ್ನ ಹೊಗಳಬೇಡಿ. ಈ ಓಣೀಲಿ ಓದೋಕೆ ಬರೋದು ನನ್ನೊಬ್ಬಳಿಗೇ. ನೀವು ಬರೆದದ್ದನ್ನೂ ನಾನೇ ಎಲ್ಲರಿಗೂ ಓದಿ ಹೇಳಬೇಕಲ್ಲ."