ಸಾಲಿಗೆ ತಡವಾಗಿ ಬಂದವನು

ಮೇ ತಿಂಗಳ ಕೊನೆಯ ಶನಿವಾರ. ರಾತ್ರಿ ಹತ್ತು ಗಂಟೆ ಸಮೀಪ. ಸ್ಥಳ, ಐರ್ಲೆಂಡಿನ ಪಶ್ಚಿಮದ ಬೆಟ್ಟಗಳ ನಡುವಿನ ಒಂದು ಸರೋವರದ ದಂಡೆ. ಹಾಜರಿದ್ದವರು ಇಬ್ಬರು: ನಾನು, ಮತ್ತು ನನ್ನ ತಮ್ಮ ರಫೀಕನ ಮಗ ಆದಿಲ್.

ಇಬ್ಬರೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದುವಾಗ ಈ ಲೆಕ್ಕದ ಮೇಲೆ ನಿಮಗೆ ಅನುಮಾನ ಬರಬಹುದು. ನನಗೂ ಬಂದಿದೆ. ಆದರೆ ನಾನು ಕಥೆ ಕಟ್ಟುವ ಮನುಷ್ಯನಲ್ಲ. ಗದಗಿನ ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು ಬೆಳೆದವನು. ಆಮೇಲೆ ಐರ್ಲೆಂಡಿಗೆ ಬಂದು ನೇಸ್‌ನಲ್ಲಿ ಆಸ್ಪತ್ರೆಯ ಉಗ್ರಾಣವನ್ನು ನಿವೃತ್ತಿಯವರೆಗೂ ನೋಡಿಕೊಂಡವನು. ಇದ್ದದ್ದನ್ನು ಇದ್ದ ಜಾಗದಲ್ಲಿ ಇಡುವುದಷ್ಟೇ ನನಗೆ ಗೊತ್ತು.

ರಫೀಕ್ ಡಿಸೆಂಬರಿನಲ್ಲಿ ತೀರಿಕೊಂಡ. ಬ್ಯಾಲಿನ್‌ಕೊಲಿಗ್‌ನ ತನ್ನ ಮನೆಯಲ್ಲಿ, ಬೂಟಿನ ಲೇಸು ಕಟ್ಟಿಕೊಳ್ಳುತ್ತ ಕುಳಿತಲ್ಲೇ ಹೃದಯ ನಿಂತಿತು. ಅಂದಿನಿಂದ ಆದಿಲ್ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಮಣ್ಣು ಕೊಟ್ಟ, ಬಂದವರಿಗೆಲ್ಲ ಚಹಾ ಕೊಟ್ಟ, ಸೋಮವಾರ ಕೆಲಸಕ್ಕೆ ಹೋದ. ಯಾರು ಹೇಗಿದ್ದೀಯ ಎಂದು ಕೇಳಿದರೂ ಒಂದೇ ಉತ್ತರ: "ಗ್ರ್ಯಾಂಡ್." ಈ ದೇಶದಲ್ಲಿ ಆ ಮಾತಿಗೆ ಎಲ್ಲ ಚೆನ್ನಾಗಿದೆ ಎಂದರ್ಥ. ಬರಬರುತ್ತ ಊಟ ಬಿಟ್ಟ. ನಿದ್ದೆ ಬಿಟ್ಟ. ಇಪ್ಪತ್ತೈದರ ಹುಡುಗನ ಅಂಗಿ ಹೆಗಲ ಮೇಲೆ ಹ್ಯಾಂಗರಿಗೆ ಹಾಕಿದಂತೆ ನೇತಾಡತೊಡಗಿತು.

ಅವನ ತಾಯಿ ಶಾಹಿದಾ ನನಗೆ ಫೋನ್ ಮಾಡಿದಳು.

"ಭಾಯಿಜಾನ್, ಪ್ರತಿ ವರ್ಷಾ ನೀವು ಮೂರೂ ಮಂದಿ ಆ ಕೆರಿಗೆ ಮೀನ ಹಿಡಿಯಾಕ ಹೋಗ್ತಿದ್ರಲ್ಲ... ಈ ಸಲಾನೂ ಅವನ್ನ ಕರ್ಕೊಂಡು ಹೋಗ್ರಿ. ನನ್ನ ಮುಂದ ಅಳವಲ್ಲ. ಒಂದ ಸಲ ಅತ್ರ ಸಾಕು. ಇಲ್ಲಾಂದ್ರ ಈ ಹುಡುಗನೂ ನನಗ ಉಳಿಯಂಗಿಲ್ಲ."

ಆ ಸರೋವರಕ್ಕೆ ರಸ್ತೆಯಿಲ್ಲ. ಕಾರು ಬಿಟ್ಟ ಮೇಲೆ ಮೊಣಕಾಲುದ್ದ ಹೂತುಹೋಗುವ ಕೆಸರು ನೆಲ, ಅದಾದ ಮೇಲೆ ಬಂಡೆಗಳ ಏರು. ಬೆನ್ನಿಗೆ ಟೆಂಟು, ಒಲೆ, ಗಾಳದ ಕೋಲುಗಳು. ಮೂರು ಕಡೆ ಕಡಿದಾದ ಬೆಟ್ಟ, ನಡುವೆ ಬೋಗುಣಿಯಲ್ಲಿ ಕಪ್ಪು ಚಹಾ ಸುರಿದಂತೆ ನೀರು. ಅದರಲ್ಲಿ ಅಂಗೈಗಿಂತ ಸ್ವಲ್ಪ ಉದ್ದದ, ಕೆಂಪು ಚುಕ್ಕೆಯ ಟ್ರೌಟ್ ಮೀನುಗಳು. ಇಷ್ಟಕ್ಕಾಗಿ ಇಷ್ಟು ದೂರ ಬರಬೇಕೇ ಎಂದು ಪ್ರತಿ ವರ್ಷ ನಾನು ಕೇಳುತ್ತಿದ್ದೆ. ಪ್ರತಿ ವರ್ಷ ಬರುತ್ತಿದ್ದೆ.

ಆದಿಲ್ ಅಪ್ಪನ ಕೋಲನ್ನೇ ತಂದಿದ್ದ. ಸಂಜೆ ಎರಡು ಮೀನು ಹಿಡಿದ. ನಾನು ಒಲೆ ಹಚ್ಚಿ ಹುರಿದೆ. ಅವನು ಒಂದು ತುಣುಕು ಬಾಯಿಗಿಟ್ಟು ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟ.

"ಹೆಂಗೈತಿ?"

"ಗ್ರ್ಯಾಂಡ್, ಬಡೇಅಬ್ಬಾ."

ದೊಡ್ಡಪ್ಪನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ.

"ನಿಮ್ಮಪ್ಪ ಇದ್ದಿದ್ರ ನನ್ನ ಪಾಲಿನ ಮೀನಿಗೂ ಕೈ ಹಾಕ್ತಿದ್ದ."

"ಯಾ. ಹಾಕ್ತಿದ್ರು." ಅಷ್ಟೇ. ಅವನ ಕಣ್ಣು ನೀರಿನ ಮೇಲಿತ್ತು... ಒಣಗಿತ್ತು.

ಸೂರ್ಯ ಮುಳುಗಿದ. ಇಲ್ಲಿ ಬೇಸಿಗೆಯಲ್ಲಿ ಅದು ಹತ್ತರ ಹತ್ತಿರ. ಬೆಟ್ಟದ ಮೇಲಿನಿಂದ ಮಂಜು ಇಳಿಯತೊಡಗಿತು. ಕೈಕಾಲು ತೊಳೆದು ಸಂಜೆಯ ನಮಾಜಿಗೆ ಸಿದ್ಧರಾದೆವು. ನಾನು ನೀಲಿ ಟಾರ್ಪಾಲನ್ನು ಹಾಸಿ, ಒಣ ಬಟ್ಟೆಯಿಂದ ಅಂಚಿನವರೆಗೂ ಒರೆಸಿದೆ. ಇದು ಪ್ರತಿ ಸಲದ ಪದ್ಧತಿ. ಮಕ್ಕಾದ ದಿಕ್ಕು ಇಲ್ಲಿಂದ ಆಗ್ನೇಯಕ್ಕೆ, ಹಾಗಾಗಿ ನಮ್ಮ ಮುಖ ಬಂಡೆಗಳ ಕಡೆಗೆ, ಬೆನ್ನು ನೀರಿಗೆ.

ಇಲ್ಲಿ ಒಂದು ಕ್ರಮವನ್ನು ಹೇಳಬೇಕು. ಇಬ್ಬರೇ ಇದ್ದಾಗ ನಮಾಜು ನಡೆಸುವವನ ಬಲಪಕ್ಕದಲ್ಲೇ ಇನ್ನೊಬ್ಬ ನಿಲ್ಲುತ್ತಾನೆ. ನಡುವೆ ಮೂರನೆಯವನು ಬಂದರೆ ಪಕ್ಕದಲ್ಲಿರುವವನ ಹೆಗಲನ್ನು ಮೆಲ್ಲಗೆ ತಟ್ಟುತ್ತಾನೆ. ಅವನು ಹಿಂದೆ ಸರಿಯುತ್ತಾನೆ, ಇಬ್ಬರೂ ಸೇರಿ ಹಿಂದೆ ಒಂದು ಸಾಲಾಗುತ್ತಾರೆ. ತಡವಾಗಿ ಬಂದವನು, ಎಲ್ಲರದೂ ಮುಗಿದ ಮೇಲೆ, ತಪ್ಪಿಹೋದ ಭಾಗವನ್ನು ಒಬ್ಬನೇ ಎದ್ದು ನಿಂತು ತೀರಿಸುತ್ತಾನೆ. ಅವನದು ಮುಗಿಯುವ ತನಕ ಅಡ್ಡ ಹೋಗಬಾರದು, ಹಾಸಿದ್ದನ್ನು ಮಡಿಸಬಾರದು.

ಆ ದಂಡೆಯಲ್ಲಿ ಪ್ರತಿ ವರ್ಷ ನಡೆಯುತ್ತಿದ್ದದ್ದು ಇದೇ. ನಾನು ಹೊತ್ತಿಗೆ ಸರಿಯಾಗಿ ಶುರುಮಾಡುತ್ತಿದ್ದೆ. ಆದಿಲ್ ನನ್ನ ಬಲಕ್ಕೆ. ರಫೀಕ್ ನೀರಿನಲ್ಲಿ ನಿಂತು "ಇನ್ನೊಂದ ಸಲ ಗಾಳ ಒಗದು ಬಂದೆ, ಭಾಯಿ" ಎನ್ನುತ್ತಿದ್ದ. ನಿಂತು, ಬಾಗಿ, ಹಣೆ ಹಚ್ಚುವ ಮೂರು ಆವರ್ತಗಳ ನಮಾಜಿನಲ್ಲಿ ಕೊನೆಯದಕ್ಕೆ ಬಂದು ಸೇರುತ್ತಿದ್ದ, ಒದ್ದೆ ಕಾಲುಚೀಲದಲ್ಲಿ, ಬಾಯಲ್ಲಿ ಆಗಷ್ಟೇ ಜಗಿದ ಏಲಕ್ಕಿಯ ವಾಸನೆಯೊಂದಿಗೆ.

"ನಿನ್ನ ಮಣ್ಣಿಗೂ ನೀ ತಡಾನ ಬರ್ತಿ ನೋಡಲೇ" ಎಂದು ನಾನು ಬೈಯುತ್ತಿದ್ದೆ.

"ಆವಾಗರ ನನ್ನ ಸಲುವಾಗಿ ಕಾಯ್ತಿಯಲ್ಲ" ಎಂದು ಅವನು ನಗುತ್ತಿದ್ದ.

ಡಿಸೆಂಬರಿನಲ್ಲಿ ರಸ್ತೆಯ ಮೇಲೆ ಹಿಮ ಗಟ್ಟಿಯಾಗಿತ್ತು. ಅವನನ್ನು ತರುವ ವ್ಯಾನು ತಡವಾಯಿತು. ತೋಡಿಟ್ಟ ಮಣ್ಣಿನ ಪಕ್ಕದಲ್ಲಿ ನಾನು ಕಾದೆ.

ಇರಲಿ.

ನಮಾಜು ಶುರುಮಾಡಿದೆ. ಮೊದಲ ಎರಡು ಆವರ್ತ ಗಟ್ಟಿಯಾಗಿ ಓದಿದೆ. ನನ್ನ ದನಿ ಬಂಡೆಗೆ ತಗುಲಿ ವಾಪಸು ಬರುತ್ತಿತ್ತು. ಎಲ್ಲೋ ಒಂದು ಕುರಿ ಕೂಗಿ ಸುಮ್ಮನಾಯಿತು. ಮೂರನೆಯದು ಮೌನದ ಆವರ್ತ. ಎದ್ದು ನಿಂತೆ.

ಆಗ ಹಿಂದೆ, ದಂಡೆಯ ಜಲ್ಲಿಕಲ್ಲಿನ ಮೇಲೆ... ಚಪ್. ಚಪ್.

ಒದ್ದೆ ಬಟ್ಟೆ ಕಲ್ಲಿಗೆ ಅಂಟಿ ಬಿಡುವ ಸದ್ದು. ಬೂಟಿನದಲ್ಲ.

ಕುರಿ ಇರಬೇಕು ಎಂದುಕೊಂಡೆ. ಸದ್ದು ಟಾರ್ಪಾಲಿನ ಅಂಚಿಗೆ ಬಂದು ನಿಂತಿತು. ಪ್ಲಾಸ್ಟಿಕ್ ಚುರ್ರೆಂದಿತು. ನನ್ನ ಬಲಪಕ್ಕದಲ್ಲಿ ಆದಿಲ್ ಗಕ್ಕನೆ ಉಸಿರು ಎಳೆದುಕೊಂಡ. ಮರುಕ್ಷಣ ಆ ಪಕ್ಕ ಖಾಲಿಯಾಯಿತು. ತಣ್ಣನೆಯ ಗಾಳಿ ಅಲ್ಲಿ ತುಂಬಿಕೊಂಡಿತು.

ಅವನು ಹಿಂದೆ ಸರಿದಿದ್ದ.

ನಮಾಜಿನ ನಡುವೆ ತಿರುಗಿ ನೋಡುವಂತಿಲ್ಲ. ಬಾಗಿದೆ. ಹಣೆಯನ್ನು ನೆಲಕ್ಕೆ ಹಚ್ಚಲು ಕುಳಿತೆ. ಹಿಂದೆ ಬಲಕ್ಕೆ ಆದಿಲ್ ಕುಳಿತ ಸದ್ದು. ಹಿಂದೆ ಎಡಕ್ಕೆ... ಟಕ್.

ರಫೀಕನ ಬಲಮೊಣಕಾಲು. ಬಾಲ್ಯದಲ್ಲಿ ಬೇವಿನ ಮರದಿಂದ ಬಿದ್ದ ಮೇಲೆ ಕುಳಿತಾಗಲೆಲ್ಲ ಹಾಗೆ ಸದ್ದು ಮಾಡುತ್ತಿತ್ತು.

ಆ ಸದ್ದಿನ ಹಿಂದೆಯೇ ಏಲಕ್ಕಿಯ ವಾಸನೆ ಬಂತು.

ನನ್ನ ಹಣೆ ನೆಲದ ಮೇಲಿತ್ತು. ಎತ್ತುವುದಕ್ಕೆ ಧೈರ್ಯವಾಗಲಿಲ್ಲ. ಹೆದರಿಕೆಯಿಂದ ಎಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಎತ್ತಿದರೆ ಮುಗಿಯುತ್ತದೆ...

ಎತ್ತಿದೆ. ಮುಗಿಸಿದೆ. ಬಲಕ್ಕೆ ಸಲಾಂ, ಎಡಕ್ಕೆ ಸಲಾಂ. ಕಣ್ಣಂಚಿಗೆ ಕಂಡದ್ದು ಮಂಜು ಮಾತ್ರ. ನಮಾಜು ನಡೆಸಿದವನು ಇನ್ನು ಹಿಂದಿನವರ ಕಡೆ ತಿರುಗಿ ಕೂರಬೇಕು. ಜೀವಮಾನವಿಡೀ ಹಾಗೇ ಮಾಡಿದ್ದೇನೆ.

ಅಷ್ಟರಲ್ಲಿ ಎಡಗಡೆ ಜಾಕೆಟ್ಟು ಸರಗುಟ್ಟಿತು. ಯಾರೋ ಎದ್ದು ನಿಂತರು. ತಪ್ಪಿಹೋದದ್ದನ್ನು ತೀರಿಸಲು.

ನಾನು ತಿರುಗಲಿಲ್ಲ. ಕುಳಿತೇ ಇದ್ದೆ. ತುಟಿಯಲ್ಲೇ ಓದುವ ಪಿಸುದನಿ. ಬಾಗುವ ಸದ್ದು. ಟಕ್. ಮತ್ತೆ ಏಳುವುದು. ಮತ್ತೆ ಟಕ್. ಅವನು ಬದುಕಿದ್ದಾಗ ಅವಸರದಲ್ಲಿ ಮುಗಿಸುತ್ತಿದ್ದ. ಅಂದು ಅವಸರವಿರಲಿಲ್ಲ. ಮುಗಿಯುವ ಹೊತ್ತಿಗೆ ಬಂಡೆಗಳ ಗುರುತು ಕತ್ತಲಲ್ಲಿ ಅಳಿಸಿಹೋಗಿತ್ತು.

ಕೊನೆಗೆ ಸದ್ದು ನಿಂತಿತು. ನೀರು ದಂಡೆಗೆ ಬಡಿಯುವುದು ಕೇಳಿಸಿತು.

"ರಫೀಕ್," ಎಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ. "ಮುಗೀತೇನಪ್ಪಾ?"

ತಿರುಗಿದೆ.

ಆದಿಲ್ ಒಬ್ಬನೇ. ಮಂಡಿಯೂರಿ ಕುಳಿತಿದ್ದ. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಮುಖವೆಲ್ಲ ತೊಯ್ದು, ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಯಾಕ ಹಿಂದ ಸರದಿ?" ಮೆಲ್ಲಗೆ ಕೇಳಿದೆ.

"ಹೆಗಲು ತಟ್ಟಿದ್ರು. ಎರಡು ಬೆರಳಲ್ಲಿ... ಟು ಟ್ಯಾಪ್ಸ್. ಅಬ್ಬಾ ಯಾವಾಗ್ಲೂ ಹಂಗೇ ತಟ್ತಿದ್ರು."

"ನೋಡಿದೇನು?"

ತಲೆಯಾಡಿಸಿದ. "ಇಲ್ಲ. ಪಕ್ಕದಲ್ಲೇ ಇದ್ರು, ಬಡೇಅಬ್ಬಾ. ತೋಳು ತಾಗ್ತಿತ್ತು, ತಣ್ಣಗೆ. ಕಣ್ಣು ತೆಗೆದ್ರೆ ಹೊರಟೋಗ್ತಾರೆ ಅನ್ನಿಸ್ತು." ಮತ್ತೆ, ಮಗುವಿನಂತೆ, "ಹೋದ್ರಾ?"

"ಹೋದ."

ಆಗ ಅವನು ಅತ್ತ. ಆರು ತಿಂಗಳ ಅಳು ಬೆಟ್ಟಕ್ಕೆ ಬಡಿದು ವಾಪಸು ಬರುತ್ತಿತ್ತು. ನಾನು ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಸಮಾಧಾನ ಹೇಳಲಿಲ್ಲ. ಅಳಿಸಿಕೊಂಡು ಬನ್ನಿ ಎಂದೇ ಶಾಹಿದಾ ಕಳಿಸಿದ್ದಳು.

ಸತ್ತವರು ಹೀಗೆ ತಿರುಗಿ ಬರುವುದಿಲ್ಲ ಎಂದು ನಂಬಿದವನು ನಾನು. ಈಗಲೂ ನಂಬುತ್ತೇನೆ. ನಮ್ಮ ಮೌಲ್ವಿ ಸಾಹೇಬರಿಗೆ ಇದನ್ನು ಇನ್ನೂ ಹೇಳಿಲ್ಲ. ಬಂದವನು ರಫೀಕನಲ್ಲ ಎಂದು ಅವರು ಹೇಳಿದರೆ ನನ್ನ ಬೆನ್ನ ಹಿಂದೆ ಅಷ್ಟು ಹೊತ್ತು ನಿಂತವರು ಯಾರು? ರಫೀಕನೇ ಎಂದಾದರೆ... ಅವನಿಗೆ ಇನ್ನೂ ತೀರಿಸುವುದು ಏನು ಉಳಿದಿತ್ತು? ಎರಡೂ ಪ್ರಶ್ನೆಗಳು ನನ್ನ ನಿದ್ದೆ ತಿನ್ನುತ್ತವೆ.

ಆ ರಾತ್ರಿ ಆದಿಲ್ ತಣ್ಣಗಾದ ಮೀನನ್ನು ಮುಳ್ಳು ಬಿಡಿಸಿ ಪೂರ್ತಿ ತಿಂದ. ಟೆಂಟಿನೊಳಗೆ ಹೋಗಿ ಬೂಟು ಬಿಚ್ಚುವ ಮೊದಲೇ ಮಲಗಿಬಿಟ್ಟ. ಅವನ ಬೂಟು ಬಿಚ್ಚಿ ಬದಿಗಿಟ್ಟೆ. ಒಲೆ ಒರೆಸಿದೆ. ರಫೀಕನ ಗಾಳದ ಕೋಲಿನ ಮೂರು ಭಾಗಗಳನ್ನು ಬಿಚ್ಚಿ ಚೀಲಕ್ಕೆ ಹಾಕಿದೆ.

ಕೊನೆಗೆ ಉಳಿದದ್ದು ಟಾರ್ಪಾಲು. ಟಾರ್ಚು ಹಿಡಿದು ನೋಡಿದೆ. ಬಲಭಾಗ ಒಣಗಿತ್ತು. ಎಡಭಾಗದಲ್ಲಿ, ಹಿಂದಿನ ಸಾಲಿನ ಜಾಗದಲ್ಲಿ ಮಾತ್ರ, ಅಂಗೈಯಗಲದ ಒದ್ದೆ ಇತ್ತು. ಮಂಜು ಎನ್ನಬಹುದು. ಮಂಜು ಬಲಭಾಗದ ಮೇಲೂ ಇಳಿಯಬೇಕಿತ್ತು.

ಒದ್ದೆಯನ್ನು ಒಳಗಿಟ್ಟು ಮಡಿಸಬಾರದು, ಬೂಸ್ಟು ಹಿಡಿಯುತ್ತದೆ. ಉಗ್ರಾಣದ ಹುಡುಗರಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೋ. ನಾನು ಒರೆಸುವ ಬಟ್ಟೆಯನ್ನು ಕೈಗೆ ತೆಗೆದುಕೊಂಡೆ. ಮತ್ತೆ ಜೇಬಿಗೆ ಹಾಕಿದೆ. ಒದ್ದೆಯನ್ನು ಒಳಗೇ ಇಟ್ಟು, ಅಂಚಿಗೆ ಅಂಚು ಕೂಡಿಸಿ, ಮೆಲ್ಲಗೆ ಮಡಿಸಿದೆ.