ಹೆಗಲು ಬದಲಿಸುವ ಜಾಗ

ಜಕ್ಕೂರಿನ ಹಳೇ ಊರಿನಿಂದ ಸುಡುಗಾಡಿಗೆ ಆಗ ಇದ್ದದ್ದು ಒಂದೇ ದಾರಿ, ಎತ್ತಿನ ಗಾಡಿಯ ಜಾಡು. ನಮ್ಮ ಹಿತ್ತಲಿನ ಪಕ್ಕ ಹೊರಟು, ದ್ರಾಕ್ಷಿ ತೋಟಗಳ ನಡುವೆ ಹಾದು, ಕೆರೆಯ ಅಂಚು ಹಿಡಿದು ಹೋಗುತ್ತಿತ್ತು. ಹೆಸರಿಗೆ ಸುಡುಗಾಡಿನ ದಾರಿ. ಬದುಕಿದ್ದವರು ಓಡಾಡುತ್ತಿದ್ದದ್ದೂ ಅದರಲ್ಲೇ. ನನ್ನ ಹೆಂಡತಿ ಹಸುವಿಗೆ ಹುಲ್ಲು ತರಲು ದಿನವೂ ಹೋಗುತ್ತಿದ್ದಳು. ಏರೋಡ್ರೋಮಿನ ಪುಟ್ಟ ವಿಮಾನ ಹಾರಿದರೆ ತಲೆಯ ಮೇಲೆ ಹೊರೆಯಿರುವುದನ್ನೇ ಮರೆತು ಕತ್ತೆತ್ತಿ, ಹುಲ್ಲೆಲ್ಲ ಚೆಲ್ಲಿಕೊಂಡು ನನ್ನಿಂದ ಬೈಸಿಕೊಂಡದ್ದೂ ಉಂಟು.

ಅರ್ಧ ದಾರಿಯಲ್ಲಿ ಒಂದು ಹೊಂಗೆಮರ. ಊರಿನಲ್ಲಿ ಯಾರೇ ಸತ್ತರೂ ಅಲ್ಲಿ ಚಟ್ಟ ಇಳಿಸಬೇಕು. ಹೆಣದ ದಿಕ್ಕು ತಿರುಗಿಸಿ, ಮುಂದಿದ್ದವರು ಹಿಂದಕ್ಕೆ, ಹಿಂದಿದ್ದವರು ಮುಂದಕ್ಕೆ ಬಂದು ಹೆಗಲು ಕೊಡಬೇಕು. ಹಾಗೆ ಮಾಡಿದರೆ ಸತ್ತವರಿಗೆ ದಾರಿ ತಪ್ಪುತ್ತದೆ, ಮತ್ತೆ ಮನೆ ಹುಡುಕಿಕೊಂಡು ಬರುವುದಿಲ್ಲ ಎಂದು ನಮ್ಮವರ ನಂಬಿಕೆ. ನನ್ನ ಅಪ್ಪ, ಅಮ್ಮ ಇಬ್ಬರನ್ನೂ ಅಲ್ಲೇ ತಿರುಗಿಸಿದ್ದೆವು.

ಆಮೇಲೆ ತೋಟಗಳು ಮಾರಾಟವಾದವು. ನಮ್ಮದೂ ಹೋಯಿತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ದಾರಿಯನ್ನು ಯಾರು ಯಾರಿಗೆ ಮಾರಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ದಿನ ನೋಡಿದರೆ ಅಪಾರ್ಟ್‌ಮೆಂಟಿನ ಕಾಂಪೌಂಡು ನಮ್ಮ ಹಿತ್ತಲಿಗೇ ಬಂದು ನಿಂತಿತ್ತು. ಹೊಂಗೆಮರ ಅದರೊಳಗೆ ಸೇರಿ ಹೋಯಿತು. ನಾನು ಸಿಕ್ಕಸಿಕ್ಕವರ ಹತ್ತಿರ ಕೂಗಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋದ ವರ್ಷ ಹೆಂಡತಿ ತೀರಿಕೊಂಡಳು. ನೆಂಟರ ಒತ್ತಾಯಕ್ಕೆ ಅಪಾರ್ಟ್‌ಮೆಂಟಿನ ಗೇಟಿಗೆ ಹೋಗಿ ಕೇಳಿದೆವು. ಸೆಕ್ಯುರಿಟಿಯವನು ಮರ್ಯಾದೆಯಿಂದಲೇ, ಯಾವ ಫ್ಲ್ಯಾಟಿಗೆ ಹೋಗಬೇಕು ಎಂದ. ಹೆಣಕ್ಕೆ ಯಾವ ನಂಬರು ಹೇಳುವುದು? ಅವನು ಪಾಪ ಯಾರಿಗೋ ಫೋನ್ ಮಾಡಿದ. ಆಗುವುದಿಲ್ಲವಂತೆ. ಕೊನೆಗೆ ವ್ಯಾನಿನಲ್ಲಿ ಮಲಗಿಸಿ ಮೇನ್ ರೋಡಿನಲ್ಲಿ ಸುತ್ತಿಕೊಂಡು ಹೋದೆವು. ಮಧ್ಯೆ ಎಲ್ಲಾದರೂ ಇಳಿಸೋಣವೆಂದರೆ ಹಿಂದಿನಿಂದ ಒಂದೇ ಸಮನೆ ಹಾರ್ನು. ತಿರುಗಿಸದೆಯೇ ಮಣ್ಣು ಮಾಡಿ ಬಂದೆವು.

ನಮಗೆ ಮಕ್ಕಳಿಲ್ಲ. ತಿಥಿ ಮುಗಿದು ನೆಂಟರು ಹೊರಟ ಮೇಲೆ ಮನೆ ಬಿಕೋ ಎನ್ನತೊಡಗಿತು. ಯಾರದೋ ದನಿ ಇರಲಿ ಎಂದು ಬೆಳಗಿನಿಂದಲೇ ಟೀವಿ ಹಾಕಿಡುತ್ತಿದ್ದೆ. ಅದರಲ್ಲಿ ಏನು ಬರುತ್ತಿದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಇಷ್ಟು ವರ್ಷ ಅವಳ ಮಾತು ಜಾಸ್ತಿ ಎಂದು ರೇಗುತ್ತಿದ್ದವನು ನಾನು.

ಒಂದು ಭಾನುವಾರ ದೊಡ್ಡಪ್ಪನ ಮಗ ಬಂದ. ನಮ್ಮ ಮನೆತನಕ್ಕೆ ಈಗ ಅವನೇ ಹಿರಿಯ. ಹೇಗೋ ಆ ಅಪಾರ್ಟ್‌ಮೆಂಟಿನ ಬಿಲ್ಡರನ್ನು ಹಿಡಿದು ಒಳಗೆ ಹೋಗಲು ಒಪ್ಪಿಸಿದ್ದನಂತೆ. ಅವಳ ಒಂದು ಸೀರೆ ಒಯ್ದು ಹೊಂಗೆಮರದ ಕೆಳಗೆ ಇಳಿಸಿ, ದಿಕ್ಕು ತಿರುಗಿಸಿ, ಕರ್ಪೂರ ಹಚ್ಚಿ ಬಂದರೆ ಸಾಕು, ಆದ ತಪ್ಪು ಸರಿಹೋಗುತ್ತದೆ ಎಂದ. ಬೀರು ತೆಗೆದು ಸೀರೆ ಕೊಡು, ಈಗಲೇ ಹೋಗಿ ಬರೋಣ ಎಂದು ಎದ್ದೇ ನಿಂತ. ಅವನು ನಿಜವಾಗಿಯೂ ಹೆದರಿದ್ದ, ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದ. ನಾನು ಕುರ್ಚಿಯಿಂದ ಏಳಲಿಲ್ಲ, ಬೇಡ ಎಂದೆ.

"ಇಂಗೇ ಬಿಟ್ರೆ ಅವ್ಳು ಮನೆಗೇ ವಾಪಸ್ ಬತ್ತಾಳೆ ಕಣೋ," ಎಂದ.

"ಅದಕ್ಕೇ ಅಣ್ಣ, ಬೇಡ ಅಂದಿದ್ದು."